ಅಭ್ಯಂಗ

ಅಭ್ಯಂಗ ಎಂದರೆ ಮೈಗೆ ಉಗುರುಬೆಚ್ಚಗಿನ ಎಣ್ಣೆಯನ್ನೋ ತುಪ್ಪದಂಥ ಬೇರೊಂದು ಜಿಡ್ಡಿನ ದ್ರವ್ಯವನ್ನೋ ಹಚ್ಚಿ, ಗೊತ್ತಾದ ಕ್ರಮದಲ್ಲಿ ಕೈಯಿಂದ ನೀವಿ ತಿಕ್ಕುವ ಆಯುರ್ವೇದದ ಉಪಚಾರ. ಆರೋಗ್ಯವಂತರಿಗೆ ಇದು ದಿನಚರಿಯ ಭಾಗ, ರೋಗಿಗಳಿಗೆ ಚಿಕಿತ್ಸೆಯ ಅಂಗ. ದೇಹಶುದ್ಧಿಯ ಪಂಚಕರ್ಮ ಚಿಕಿತ್ಸೆಗೆ ಮುನ್ನ ನಡೆಸುವ ಪೂರ್ವಕರ್ಮಗಳಲ್ಲಿಯೂ ಇದಕ್ಕೆ ಸ್ಥಾನವಿದೆ. ಅಂಗಮರ್ದನದ ಇತರ ಹಲವು ಪದ್ಧತಿಗಳಲ್ಲಿ ಕೈಯ ಒತ್ತಡವೇ ಮುಖ್ಯವಾದರೆ, ಅಭ್ಯಂಗದಲ್ಲಿ ಎಣ್ಣೆಯೇ ಔಷಧ. ಒತ್ತಡ ಅದನ್ನು ಮೈಗೆ ಹಿಡಿಸುವ ಸಾಧನ.

ಪರಿಭಾಷೆ

ಕನ್ನಡದಲ್ಲಿ ಅಭ್ಯಂಗ, ಅಭ್ಯಂಜನ, ಎಣ್ಣೆಸ್ನಾನ ಎಂಬ ಮೂರು ಮಾತುಗಳೂ ಬಳಕೆಯಲ್ಲಿವೆ. ಅಭ್ಯಂಜನ, ಎಣ್ಣೆಸ್ನಾನ ಎಂದಾಗ ಎಣ್ಣೆ ಹಚ್ಚುವುದರ ಜೊತೆಗೆ ಬಿಸಿನೀರಿನ ಸ್ನಾನವೂ ಸೇರುತ್ತದೆ. ಈ ಲೇಖನದಲ್ಲಿ ಅಭ್ಯಂಗ ಎಂಬುದನ್ನು ಎಣ್ಣೆ ಹಚ್ಚಿ ನೀವುವ ಕ್ರಿಯೆಗೆ ಮಾತ್ರ ಬಳಸಿದೆ.

ಆಯುರ್ವೇದವು ಇದಕ್ಕೆ ಹತ್ತಿರವಾದ ಕ್ರಿಯೆಗಳನ್ನು ಬೇರೆ ಬೇರೆ ಹೆಸರಿನಿಂದ ಗುರುತಿಸುತ್ತದೆ. ಒತ್ತಿ ತಿಕ್ಕುವುದು ಮರ್ದನ; ಹಿತವಾಗಿ ಮೆಲ್ಲಗೆ ಒತ್ತುವುದು ಸಂವಾಹನ; ಕಾಲಿನಿಂದ ತುಳಿಯುವುದು ಪಾದಾಘಾತ; ಔಷಧದ ಪುಡಿಯಿಂದ ಉಜ್ಜುವುದು ಉದ್ವರ್ತನ. ಎಣ್ಣೆಯನ್ನು ಧಾರೆಯಾಗಿ ಸುರಿಯುವುದು ಪರಿಷೇಕ. ಎಣ್ಣೆಯಲ್ಲಿ ಅದ್ದಿದ ಅರಳೆಯನ್ನು ಮೈಮೇಲೆ ಇಡುವುದು ಪಿಚು.

ಇತಿಹಾಸ

ಆಯುರ್ವೇದದ ಮೂರು ಪ್ರಧಾನ ಗ್ರಂಥಗಳಾದ ಚರಕಸಂಹಿತೆ, ಸುಶ್ರುತಸಂಹಿತೆ ಮತ್ತು ವಾಗ್ಭಟನ ಅಷ್ಟಾಂಗಹೃದಯಗಳಲ್ಲಿ ಅಭ್ಯಂಗದ ನಿರೂಪಣೆಯಿದೆ. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯವು ಆಹಾರದ ಪ್ರಮಾಣವನ್ನು ಹೇಳಿದ ಬಳಿಕ ಕಣ್ಣಿನ ಕಾಡಿಗೆ, ಮೂಗಿಗೆ ಹಾಕುವ ಎಣ್ಣೆ, ತಲೆಗೆ ಹಚ್ಚುವ ಎಣ್ಣೆ ಮುಂತಾದ ನಿತ್ಯವಿಧಿಗಳ ಸಾಲಿನಲ್ಲಿ ಅಭ್ಯಂಗವನ್ನು ವಿವರಿಸುತ್ತದೆ. ಎಣ್ಣೆ ಹಿಡಿದ ಮಡಕೆ, ತೊಗಲು ಮತ್ತು ಗಾಡಿಯ ಅಚ್ಚು ಬಾಳಿಕೆ ಬರುವಂತೆ ಅಭ್ಯಂಗದಿಂದ ದೇಹವೂ ಗಟ್ಟಿಯಾಗುತ್ತದೆ ಎಂಬ ಹೋಲಿಕೆ ಅಲ್ಲಿಯದು. ಅದೇ ಸಂಹಿತೆಯ ಶಾರೀರಸ್ಥಾನದಲ್ಲಿ ಹೆರಿಗೆಯಾದವಳ ಹೊಟ್ಟೆಗೆ ತುಪ್ಪ ಮತ್ತು ಎಣ್ಣೆ ಹಚ್ಚಿ ಅಗಲವಾದ ಬಟ್ಟೆ ಸುತ್ತಬೇಕೆಂಬ ವಿಧಿ ಇದೆ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ರೋಗ ಬಾರದಂತೆ ತಡೆಯುವ ಕ್ರಮಗಳನ್ನು ಕುರಿತದ್ದು. ಅಲ್ಲಿ ಅಭ್ಯಂಗ, ವ್ಯಾಯಾಮ, ಉದ್ವರ್ತನ ಮತ್ತು ಸ್ನಾನಗಳನ್ನು ಒಟ್ಟಾಗಿ ಹೇಳಿದೆ. ಇದಕ್ಕೆ ವ್ಯಾಖ್ಯಾನ ಬರೆದ ಡಲ್ಹಣ, ಎಣ್ಣೆ ಒಳಗಿಳಿಯಲು ಬೇಕಾದ ಕಾಲವನ್ನು ಮಾತ್ರೆ ಎಂಬ ಕಾಲಮಾನದಲ್ಲಿ ಲೆಕ್ಕ ಹಾಕಿದ್ದಾನೆ. ಅವನ ಪ್ರಕಾರ 300 ಮಾತ್ರೆಗಳಲ್ಲಿ ಎಣ್ಣೆ ಕೂದಲಿನ ಬುಡವನ್ನು, 400ರಲ್ಲಿ ಚರ್ಮವನ್ನು, 500ರಲ್ಲಿ ರಕ್ತವನ್ನು ಸೇರುತ್ತದೆ. ಹೀಗೆ ಮಾಂಸ, ಮೇದಸ್ಸು, ಮೂಳೆಗಳನ್ನು ದಾಟಿ 900 ಮಾತ್ರೆಗಳ ಹೊತ್ತಿಗೆ ಮಜ್ಜೆಯನ್ನು ಮುಟ್ಟುತ್ತದೆ. ವಾಗ್ಭಟ ತನ್ನ ದಿನಚರ್ಯಾಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯಕರ್ಮವಾಗಿ ವಿಧಿಸಿ, ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷ ಗಮನ ಕೊಡಬೇಕೆನ್ನುತ್ತಾನೆ. ಹೇಮಂತ ಋತುಚರ್ಯೆಯಲ್ಲಿ ಅವನು ವಾತಹರ ತೈಲದ ಅಭ್ಯಂಗ ಮತ್ತು ಮರ್ದನವನ್ನು ಕುಸ್ತಿಯ ಜೊತೆಗೆ ಹೇಳಿದ್ದಾನೆ.

ಕರ್ನಾಟಕದ ಅರಮನೆ ಜೀವನದಲ್ಲಿ ಅಭ್ಯಂಗಕ್ಕಿದ್ದ ಸ್ಥಾನವನ್ನು ತಿಳಿಸುವ ಮುಖ್ಯ ಆಕರ ಮಾನಸೋಲ್ಲಾಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಈ ಸಂಸ್ಕೃತ ಗ್ರಂಥವು ರಾಜನ ಉಪಭೋಗಗಳನ್ನು ಪಟ್ಟಿ ಮಾಡುವಾಗ ಸ್ನಾನಕ್ಕೂ ಪಾದಾಭ್ಯಂಗಕ್ಕೂ ಬೇರೆ ಬೇರೆ ಪ್ರಕರಣಗಳನ್ನು ಮೀಸಲಿಟ್ಟಿದೆ.

ತತ್ತ್ವ

ಆಯುರ್ವೇದದ ಪ್ರಕಾರ ವಾತ, ಪಿತ್ತ, ಕಫ ಎಂಬ ಮೂರು ದೋಷಗಳಲ್ಲಿ ವಾತದ ಪ್ರಾಬಲ್ಯ ಸ್ಪರ್ಶೇಂದ್ರಿಯದಲ್ಲಿ ಹೆಚ್ಚು, ಸ್ಪರ್ಶೇಂದ್ರಿಯಕ್ಕೆ ಚರ್ಮವೇ ಆಶ್ರಯ. ವಾತದ ಗುಣಗಳು ಒಣತನ, ತಂಪು, ಹಗುರತನ ಮತ್ತು ಚಲನೆ. ಎಣ್ಣೆಯವು ಜಿಡ್ಡು, ಬಿಸುಪು ಮತ್ತು ಭಾರ. ವಿರುದ್ಧ ಗುಣದಿಂದ ದೋಷ ಶಮನವಾಗುತ್ತದೆ ಎಂಬ ನಿಯಮದಂತೆ, ಎಣ್ಣೆಯನ್ನು ಚರ್ಮಕ್ಕೆ ಹಿಡಿಸುವುದು ವಾತವನ್ನು ತಗ್ಗಿಸುವ ನೇರ ಉಪಾಯವಾಗುತ್ತದೆ. ನೋವು, ಸೆಡೆತ, ನಡುಕ, ನಿದ್ರಾಹೀನತೆ, ಮನಸ್ಸಿನ ಚಂಚಲತೆಗಳನ್ನು ವಾತವಿಕಾರಗಳೆಂದು ಎಣಿಸುವುದರಿಂದ ದೇಹ ಮತ್ತು ಮನಸ್ಸು ಎರಡಕ್ಕೂ ಒಂದೇ ಉಪಚಾರ ಹೊಂದುತ್ತದೆ.

ಮರ್ಮಗಳ ಕಲ್ಪನೆಯೂ ಅಭ್ಯಂಗಕ್ಕೆ ಸಂಬಂಧಿಸಿದೆ. ಮಾಂಸ, ಸಿರೆ, ಸ್ನಾಯು, ಮೂಳೆ ಮತ್ತು ಸಂಧಿಗಳು ಕೂಡುವ ಸೂಕ್ಷ್ಮ ಸ್ಥಾನಗಳೇ ಮರ್ಮಗಳು. ಸುಶ್ರುತಸಂಹಿತೆ ಇವುಗಳ ಸಂಖ್ಯೆಯನ್ನು 107 ಎನ್ನುತ್ತದೆ. ಪೆಟ್ಟು ಬಿದ್ದರೆ ಅಪಾಯ ಉಂಟಾಗುವ ಈ ಸ್ಥಾನಗಳ ಮೇಲೆ ಕೈ ಹಗುರವಾಗಿರಬೇಕೆಂಬುದು ನಿಯಮ.

ದ್ರವ್ಯಗಳು

ಅಭ್ಯಂಗಕ್ಕೆ ಮೂಲದ್ರವ್ಯ ಎಳ್ಳೆಣ್ಣೆ. ವಾತಪ್ರಕೃತಿಯವರಿಗೆ ಎಳ್ಳೆಣ್ಣೆಯನ್ನು, ಪಿತ್ತಪ್ರಕೃತಿಯವರಿಗೆ ಕೊಬ್ಬರಿ ಎಣ್ಣೆ ಅಥವಾ ತುಪ್ಪವನ್ನು, ಕಫಪ್ರಕೃತಿಯವರಿಗೆ ಅಲ್ಪ ಪ್ರಮಾಣದಲ್ಲಿ ಸಾಸಿವೆ ಎಣ್ಣೆಯನ್ನು ಬಳಸುವುದು ರೂಢಿ. ಚಿಕಿತ್ಸೆಗೆ ಸಾಮಾನ್ಯವಾಗಿ ಔಷಧಸಿದ್ಧ ತೈಲಗಳು ಬೇಕು. ವಾತರೋಗಗಳಿಗೆ ಮಹಾನಾರಾಯಣ ತೈಲ, ನರಗಳ ತೊಂದರೆಗೆ ಕ್ಷೀರಬಲಾ ತೈಲ, ಬಾಣಂತಿಯರಿಗೆ ಧಾನ್ವಂತರ ತೈಲ, ಉರಿಯಿಂದ ಕೂಡಿದ ಸಂಧಿನೋವಿಗೆ ಪಿಂಡ ತೈಲ, ಮಕ್ಕಳಿಗೆ ಲಾಕ್ಷಾದಿ ತೈಲ ಪ್ರಸಿದ್ಧವಾಗಿವೆ.

ಔಷಧಸಿದ್ಧ ತೈಲದ ಸಾಮಾನ್ಯ ಅಳತೆಯನ್ನು ಶಾರ್ಙ್ಗಧರಸಂಹಿತೆ ಕೊಡುತ್ತದೆ: ಅರೆದ ಮೂಲಿಕೆಯ ಕಲ್ಕ 1 ಪಾಲು, ಎಣ್ಣೆ 4 ಪಾಲು, ಕಷಾಯ ಅಥವಾ ಹಾಲಿನಂಥ ದ್ರವ 16 ಪಾಲು. ಇವನ್ನು ಕೂಡಿಸಿ ನೀರಿನಂಶ ಪೂರ್ತಿ ಆರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಪಾಕದಲ್ಲಿ ಮೃದು, ಮಧ್ಯಮ, ಖರ ಎಂದು ಮೂರು ಹದಗಳಿವೆ. ಚರಕಸಂಹಿತೆ ಮೃದುಪಾಕವನ್ನು ಮೂಗಿಗೆ ಹಾಕುವ ನಸ್ಯಕ್ಕೂ, ಮಧ್ಯಮಪಾಕವನ್ನು ಕುಡಿಯಲು ಮತ್ತು ಗುದದ್ವಾರದಿಂದ ಏರಿಸುವ ಬಸ್ತಿಗೂ, ಖರಪಾಕವನ್ನು ಅಭ್ಯಂಗಕ್ಕೂ ಹೇಳಿದೆ.

ವಿಧಾನ

ಉಂಡದ್ದು ಜೀರ್ಣವಾದ ಮೇಲೆ, ಸಾಮಾನ್ಯವಾಗಿ ಬೆಳಗಿನ ಹೊತ್ತಿನಲ್ಲಿ, ಗಾಳಿ ಬೀಸದ ಬೆಚ್ಚಗಿನ ಕೋಣೆಯಲ್ಲಿ ಅಭ್ಯಂಗ ನಡೆಯುತ್ತದೆ. ಚಿಕಿತ್ಸಾಲಯಗಳಲ್ಲಿ ದ್ರೋಣಿ ಎಂಬ ಅಂಚುಕಟ್ಟಿನ ಮರದ ಮೇಜನ್ನು ಬಳಸುತ್ತಾರೆ. ಮೈಯಿಂದ ಹರಿದ ಎಣ್ಣೆ ಅದರ ತುದಿಯ ರಂಧ್ರದಲ್ಲಿ ಇಳಿಯುತ್ತದೆ. ಎಣ್ಣೆಯನ್ನು ನೇರವಾಗಿ ಒಲೆಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಲಾಗುತ್ತದೆ.

ಮೊದಲು ನೆತ್ತಿಗೆ, ಬಳಿಕ ಕಿವಿಯ ಸುತ್ತ ಮತ್ತು ಅಂಗಾಲಿಗೆ ಎಣ್ಣೆ ಹಚ್ಚಿ, ಅನಂತರ ಇಡೀ ಮೈಗೆ ಹಚ್ಚುತ್ತಾರೆ. ಕೈಕಾಲುಗಳಂಥ ಉದ್ದನೆಯ ಭಾಗಗಳಲ್ಲಿ ನೀಳವಾಗಿಯೂ, ಭುಜ, ಮೊಣಕೈ, ಮಂಡಿ ಮೊದಲಾದ ಕೀಲುಗಳಲ್ಲಿ ದುಂಡಗೆಯೂ ಕೈ ಆಡಿಸುವುದು ಕ್ರಮ. ಹೊಟ್ಟೆಯ ಮೇಲೆ ಹೊಕ್ಕುಳಿನ ಸುತ್ತ ಬಲಸುತ್ತಾಗಿ ಹಗುರವಾಗಿ ನೀವುತ್ತಾರೆ. ಸಾಮಾನ್ಯವಾಗಿ ಇಬ್ಬರು ಪರಿಚಾರಕರು ಎಡಬಲದಲ್ಲಿ ನಿಂತು ಒಂದೇ ವೇಗ, ಒಂದೇ ಒತ್ತಡದಲ್ಲಿ ಕೆಲಸ ಮಾಡುತ್ತಾರೆ.

ಚಿಕಿತ್ಸಾಲಯಗಳಲ್ಲಿ ಏಳು ಭಂಗಿಗಳು ರೂಢಿಯಲ್ಲಿವೆ: ಕುಳಿತು, ಅಂಗಾತ ಮಲಗಿ, ಒಂದು ಮಗ್ಗುಲಿಗೆ, ಬೋರಲಾಗಿ, ಇನ್ನೊಂದು ಮಗ್ಗುಲಿಗೆ, ಮತ್ತೆ ಅಂಗಾತ, ಕೊನೆಗೆ ಮತ್ತೆ ಕುಳಿತು. ಡಲ್ಹಣನ 900 ಮಾತ್ರೆಗಳನ್ನು ಇಂದಿನ ಪಂಚಕರ್ಮ ಕೈಪಿಡಿಗಳು ಸುಮಾರು 5 ನಿಮಿಷವೆಂದು ಲೆಕ್ಕ ಹಾಕಿ, ಪ್ರತಿ ಭಂಗಿಗೂ ಅಷ್ಟು ಕಾಲ ಕೊಡುತ್ತವೆ. ಹೀಗೆ ಒಂದು ಸಲದ ಅಭ್ಯಂಗಕ್ಕೆ 35 ನಿಮಿಷ ಹಿಡಿಯುತ್ತದೆ. ಬಳಿಕ ಹಬೆ ಅಥವಾ ಔಷಧದ ಗಂಟುಗಳಿಂದ ಬೆವರಿಸಿ, ಬಿಸಿನೀರಿನ ಸ್ನಾನ ಮಾಡಿಸುತ್ತಾರೆ. ತಲೆಗೆ ಮಾತ್ರ ಹದವಾದ ನೀರು. ತೀರ ಬಿಸಿಯಾದ ನೀರು ತಲೆಗೆ ಸಲ್ಲದು. ಜಿಡ್ಡು ತೆಗೆಯಲು ಕಡಲೆಹಿಟ್ಟು, ಹೆಸರುಹಿಟ್ಟು ಅಥವಾ ಸೀಗೆಪುಡಿ ಬಳಕೆಯಲ್ಲಿವೆ.

ವಿಧಗಳು

ವ್ಯಾಪ್ತಿಯನ್ನು ಅನುಸರಿಸಿ ಅಭ್ಯಂಗದಲ್ಲಿ ಎರಡು ಬಗೆ. ಇಡೀ ಮೈಗೆ ಮಾಡುವುದು ಸರ್ವಾಂಗ ಅಭ್ಯಂಗ. ಸೊಂಟ, ಮಂಡಿ, ಕುತ್ತಿಗೆಯಂಥ ಒಂದೇ ಭಾಗಕ್ಕೆ ಮಾಡುವುದು ಏಕಾಂಗ ಅಭ್ಯಂಗ.

ಶಿರೋಭ್ಯಂಗ: ತಲೆಗೆ ಮಾಡುವ ಅಭ್ಯಂಗ. ತಲೆಗೆ ಎಣ್ಣೆ ಹಿಡಿಸುವ ನಾಲ್ಕು ಕ್ರಮಗಳನ್ನು ಒಟ್ಟಾಗಿ ಮೂರ್ಧತೈಲ ಎನ್ನುತ್ತಾರೆ. ಅವು ಅಭ್ಯಂಗ, ಧಾರೆ, ಪಿಚು ಮತ್ತು ತಲೆಯ ಮೇಲೆ ಎಣ್ಣೆ ನಿಲ್ಲಿಸುವ ಬಸ್ತಿ. ಪರಿಣಾಮದಲ್ಲಿ ಒಂದಕ್ಕಿಂತ ಮುಂದಿನದು ಬಲವಾದದ್ದು. ಹಣೆಯ ಮೇಲೆ ಎಣ್ಣೆಯನ್ನು ಎಡೆಬಿಡದೆ ಸುರಿಯುವ ಶಿರೋಧಾರೆ ಈ ಗುಂಪಿಗೆ ಸೇರಿದೆ.

ಪಾದಾಭ್ಯಂಗ: ಅಂಗಾಲಿನಿಂದ ಮಂಡಿಯವರೆಗೆ ಮಾಡುವ ಅಭ್ಯಂಗ. ಇದನ್ನು ಮಲಗುವ ಮುನ್ನ ಮಾಡುವುದು ವಾಡಿಕೆ. ಕಾಲಿನ ಒರಟುತನ, ಜೋಮು, ಬಿರುಕು, ದಣಿವುಗಳಿಗೆ ಇದನ್ನು ಹೇಳಿದೆ. ದೃಷ್ಟಿಗೂ ಹಿತವೆಂದು ಸಂಹಿತೆಗಳು ಎಣಿಸುತ್ತವೆ.

ಸ್ವಾಭ್ಯಂಗ: ತನಗೆ ತಾನೇ ಮಾಡಿಕೊಳ್ಳುವ ಅಭ್ಯಂಗ. ದಿನಚರ್ಯೆಯ ಅಭ್ಯಂಗ ಬಹುಪಾಲು ಈ ರೂಪದಲ್ಲಿ ನಡೆಯುತ್ತದೆ.

ಕೇರಳದಲ್ಲಿ ಈ ಉಪಚಾರಗಳು ವಿಶೇಷವಾಗಿ ಬೆಳೆದಿವೆ. ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಮೈಮೇಲೆ ಹಿಂಡುತ್ತ ನೀವುವ ಪಿಳಿಚ್ಚಿಲ್, ಹಾಲು ಮತ್ತು ಕಷಾಯದಲ್ಲಿ ಬೇಯಿಸಿದ ನವರೆ ಅಕ್ಕಿಯ ಗಂಟಿನಿಂದ ತಿಕ್ಕುವ ನವರಕಿಳಿ, ಕಳರಿ ಎಂಬ ಸಮರಕಲೆಯ ಸಾಧಕರಿಗೆ ಹಗ್ಗ ಹಿಡಿದು ಕಾಲಿನಿಂದ ಮಾಡುವ ಚವಿಟ್ಟಿ ಉಳಿಚ್ಚಿಲ್ ಹೆಸರಾಗಿವೆ.

ಪ್ರಯೋಜನಗಳು

ಶಾಸ್ತ್ರೋಕ್ತ ಪ್ರಯೋಜನಗಳು: ವಾಗ್ಭಟನ ಪ್ರಕಾರ ಅಭ್ಯಂಗವು ಮುಪ್ಪು, ಆಯಾಸ ಮತ್ತು ವಾತವನ್ನು ಕಳೆಯುತ್ತದೆ, ದೃಷ್ಟಿಯನ್ನು ತಿಳಿಯಾಗಿಸುತ್ತದೆ, ಮೈಗೆ ಪುಷ್ಟಿಯನ್ನೂ ದಾರ್ಢ್ಯವನ್ನೂ ಚರ್ಮಕ್ಕೆ ಸೊಗಸನ್ನೂ ಕೊಡುತ್ತದೆ, ಒಳ್ಳೆಯ ನಿದ್ದೆ ತರುತ್ತದೆ. ನಿತ್ಯ ಅಭ್ಯಂಗ ಮಾಡಿಕೊಳ್ಳುವವನ ಮೈ ಪೆಟ್ಟನ್ನೂ ಶ್ರಮವನ್ನೂ ತಾಳಿಕೊಳ್ಳುತ್ತದೆ ಎಂದು ಚರಕಸಂಹಿತೆ ಹೇಳುತ್ತದೆ. ವಾಂತಿ ಮಾಡಿಸುವ ವಮನ, ಭೇದಿ ಮಾಡಿಸುವ ವಿರೇಚನಗಳಿಗೆ ಮುನ್ನ ಮಾಡುವ ಅಭ್ಯಂಗ ಮತ್ತು ಬೆವರಿಸುವ ಸ್ವೇದನಗಳು ಮೈಯಲ್ಲಿ ಹರಡಿದ ದೋಷಗಳನ್ನು ಸಡಿಲಿಸಿ ಕೋಷ್ಠಕ್ಕೆ (ಜಠರ, ಕರುಳುಗಳಿಗೆ) ತರುತ್ತವೆ ಎಂಬುದು ಪಂಚಕರ್ಮದ ಸಿದ್ಧಾಂತ.

ಚರ್ಮ: ಚರ್ಮದ ಮೇಲೆ ಎಣ್ಣೆಯ ಪದರ ನೀರಿನಂಶ ಆರಿಹೋಗುವುದನ್ನು ತಡೆದು ಒಣತನವನ್ನು ತಗ್ಗಿಸುತ್ತದೆ. ಆಧುನಿಕ ಅಳತೆಗಳ ಪ್ರಕಾರ ಸಸ್ಯಜನ್ಯ ಎಣ್ಣೆ ವಯಸ್ಕರಲ್ಲಿ ಬಹುಮಟ್ಟಿಗೆ ಚರ್ಮದ ಹೊರಪದರದಲ್ಲೇ ನಿಲ್ಲುತ್ತದೆ. ಮಜ್ಜೆಯವರೆಗೆ ಇಳಿಯುತ್ತದೆ ಎಂಬ ಡಲ್ಹಣನ ಲೆಕ್ಕಕ್ಕೆ ಇದರಲ್ಲಿ ಆಧಾರ ಸಿಗುವುದಿಲ್ಲ. ಎಲ್ಲ ಎಣ್ಣೆಗಳ ಗುಣವೂ ಒಂದೇ ಅಲ್ಲ. ಸೂರ್ಯಕಾಂತಿ ಎಣ್ಣೆ ಚರ್ಮದ ತಡೆಗೋಡೆಯನ್ನು ಕಾಪಾಡುತ್ತದೆಂದೂ, ಆಲಿವ್ ಮತ್ತು ಸಾಸಿವೆ ಎಣ್ಣೆಗಳು ಅದನ್ನು ದುರ್ಬಲಗೊಳಿಸಬಹುದೆಂದೂ ಅಧ್ಯಯನಗಳು ತೋರಿಸಿವೆ.

ಸ್ನಾಯು ಮತ್ತು ಕೀಲು: ಅಂಗಮರ್ದನದಿಂದ ಸೊಂಟನೋವು ಅಲ್ಪಕಾಲಕ್ಕೆ ತಗ್ಗುತ್ತದೆ. ವೈದ್ಯಕೀಯ ಸಾಕ್ಷ್ಯಗಳನ್ನು ಒಟ್ಟುಗೂಡಿಸುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ 25 ಪ್ರಯೋಗಗಳ 3,096 ಜನರ ಮಾಹಿತಿಯನ್ನು ಪರಿಶೀಲಿಸಿ ಈ ನಿರ್ಣಯಕ್ಕೆ ಬಂದಿತು. ಆದರೆ ಸಾಕ್ಷ್ಯದ ಗುಣಮಟ್ಟ ಕಡಿಮೆಯೆಂದೂ, ಪರಿಣಾಮ ದೀರ್ಘಕಾಲ ನಿಲ್ಲುವುದಿಲ್ಲವೆಂದೂ ಹೇಳಿತು. ವ್ಯಾಯಾಮದ ಬಳಿಕ 10 ನಿಮಿಷ ತೊಡೆ ತಿಕ್ಕಿಸಿಕೊಂಡ 11 ಯುವಕರ ಮೇಲೆ ಕೆನಡಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ನಾಯುವಿನೊಳಗಿನ ಉರಿಯೂತದ ಸಂಕೇತಗಳು ತಗ್ಗಿದ್ದು ಕಂಡುಬಂತು. ಮರ್ದನವು ಸ್ನಾಯುವಿನ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತದೆ ಎಂಬ ಪ್ರಚಲಿತ ಅಭಿಪ್ರಾಯಕ್ಕೆ ಅದೇ ಅಧ್ಯಯನದಲ್ಲಿ ಬೆಂಬಲ ದೊರೆಯಲಿಲ್ಲ. ಮಂಡಿಯ ಸಂಧಿವಾತವಿದ್ದ 151 ಜನರಿಗೆ ಬರ್ಲಿನ್‌ನಲ್ಲಿ 12 ವಾರ ನೀಡಿದ ಆಯುರ್ವೇದ ಚಿಕಿತ್ಸೆ ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚು ಫಲ ಕೊಟ್ಟಿತು. ಅದರಲ್ಲಿ ಮರ್ದನದ ಜೊತೆಗೆ ಆಹಾರ, ಔಷಧ ಮತ್ತು ಯೋಗಗಳೂ ಸೇರಿದ್ದುದರಿಂದ ಫಲವನ್ನು ಅಭ್ಯಂಗವೊಂದಕ್ಕೇ ಸಲ್ಲಿಸಲಾಗದು.

ಮನಸ್ಸು: ಮಾನವನ ರೋಮವಿರುವ ಚರ್ಮದಲ್ಲಿ ನಿಧಾನವಾದ ಮೃದುಸ್ಪರ್ಶಕ್ಕೆ ಮಾತ್ರ ಚೆನ್ನಾಗಿ ಸ್ಪಂದಿಸುವ ನರತಂತುಗಳಿವೆ. ಸೆಕೆಂಡಿಗೆ ಸುಮಾರು 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಚರ್ಮದಷ್ಟೇ ಬಿಸುಪಿನಲ್ಲಿ ನೀವಿದಾಗ ಇವು ಹೆಚ್ಚು ಚುರುಕಾಗಿ, ಹಿತದ ಅನುಭವ ಕೊಡುವ ಮಿದುಳಿನ ಭಾಗಗಳಿಗೆ ಸಂದೇಶ ಕಳಿಸುತ್ತವೆ. ಬೆಚ್ಚನೆಯ ಎಣ್ಣೆ ಮತ್ತು ನಿಧಾನವಾದ ನೀಳ ನೀವಿಕೆ ಇದಕ್ಕೆ ಹೊಂದಿಕೆಯಾಗುತ್ತವೆ. ಅಂಗಮರ್ದನ ಕುರಿತ 37 ಅಧ್ಯಯನಗಳನ್ನು ಒಗ್ಗೂಡಿಸಿ 2004ರಲ್ಲಿ ಮಾಡಿದ ವಿಶ್ಲೇಷಣೆಯು, ಒಂದೇ ಸಲದ ಮರ್ದನದಿಂದ ಆ ಹೊತ್ತಿನ ಆತಂಕ, ರಕ್ತದೊತ್ತಡ ಮತ್ತು ನಾಡಿಬಡಿತ ತಗ್ಗುತ್ತವೆಂದೂ, ಹಲವು ಸಲ ಮಾಡಿಸಿಕೊಂಡರೆ ಖಿನ್ನತೆಯೂ ತಗ್ಗುತ್ತದೆಂದೂ ಕಂಡುಕೊಂಡಿತು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಹೆಚ್ಚಾಗಿ ಇಳಿಯುತ್ತದೆ ಎಂಬ ಮೊದಲಿನ ಹೇಳಿಕೆ ಮುಂದಿನ ವಿಶ್ಲೇಷಣೆಗಳಲ್ಲಿ ನಿಲ್ಲಲಿಲ್ಲ. ನೇರವಾಗಿ ಅಭ್ಯಂಗವನ್ನೇ ಕುರಿತ ಅಧ್ಯಯನಗಳು ಚಿಕ್ಕವು. 20 ಆರೋಗ್ಯವಂತರಿಗೆ ಒಂದು ಗಂಟೆಯ ಅಭ್ಯಂಗ ಮಾಡಿಸಿದ, 2011ರಲ್ಲಿ ಪ್ರಕಟವಾದ ಪ್ರಾಯೋಗಿಕ ಅಧ್ಯಯನದಲ್ಲಿ ಅವರ ಒತ್ತಡದ ಅನುಭವವೂ ನಾಡಿಬಡಿತವೂ ತಗ್ಗಿದವು. ಹೋಲಿಸಿ ನೋಡಲು ಅದರಲ್ಲಿ ಬೇರೆ ಗುಂಪು ಇರಲಿಲ್ಲ.

ಶಿಶುಗಳು: ಭಾರತದಲ್ಲಿ 125 ಶಿಶುಗಳ ಮೇಲೆ ನಾಲ್ಕು ವಾರ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಣ್ಣೆ ತಿಕ್ಕಿಸಿಕೊಂಡ ಮಕ್ಕಳ ಬೆಳವಣಿಗೆ ಮತ್ತು ನಿದ್ದೆ ಸುಧಾರಿಸಿದವು, ಎಳ್ಳೆಣ್ಣೆ ಬಳಸಿದ ಗುಂಪಿನಲ್ಲಿ ಫಲ ಹೆಚ್ಚಾಗಿತ್ತು. ಆದರೆ ಆರು ತಿಂಗಳೊಳಗಿನ ಆರೋಗ್ಯವಂತ ಶಿಶುಗಳ ಕುರಿತ 34 ಅಧ್ಯಯನಗಳನ್ನು ಪರಿಶೀಲಿಸಿದ 2013ರ ಕಾಕ್ರೇನ್ ವಿಮರ್ಶೆ, ಎಲ್ಲ ಶಿಶುಗಳಿಗೂ ಇದನ್ನು ವಿಧಿಸುವಷ್ಟು ಬಲವಾದ ಸಾಕ್ಷ್ಯವಿಲ್ಲ ಎಂದಿತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಮರ್ದನದಿಂದ ತೂಕ ಬೇಗ ಏರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ನಿಷೇಧ ಮತ್ತು ಎಚ್ಚರಿಕೆ

ಹೊಸ ಜ್ವರ ಮತ್ತು ಅಜೀರ್ಣ ಇದ್ದಾಗ, ವಮನ, ವಿರೇಚನ, ಕಷಾಯದ ನಿರೂಹಬಸ್ತಿಗಳಾದ ಕೂಡಲೇ ಅಭ್ಯಂಗ ಮಾಡಬಾರದೆಂದು ಸುಶ್ರುತಸಂಹಿತೆ ನಿಷೇಧಿಸುತ್ತದೆ. ಕಫ ಹೆಚ್ಚಿದವರಿಗೆ ಸಲ್ಲದೆಂದು ವಾಗ್ಭಟನ ಮತ. ಆಧುನಿಕ ವೈದ್ಯದ ದೃಷ್ಟಿಯಿಂದ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕುವುದು ಅಪಾಯಕರ. ಹೆಪ್ಪು ಕಳಚಿ ಶ್ವಾಸಕೋಶ ಸೇರಬಹುದು. ಮೂಳೆಮುರಿತ, ತೆರೆದ ಗಾಯ, ಸೋಂಕಿರುವ ಚರ್ಮದ ಮೇಲೆ ಮಾಡಬಾರದು. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಕ್ಯಾನ್ಸರ್ ರೋಗಿಗಳು ಮತ್ತು ಗರ್ಭಿಣಿಯರು ವೈದ್ಯರ ಸಲಹೆ ಪಡೆಯಬೇಕು. ಎಳ್ಳಿನ ಅಲರ್ಜಿ ಇರುವವರಿಗೆ ಎಳ್ಳೆಣ್ಣೆ ಸಲ್ಲದು.

ಶಿಶುಗಳ ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದಾದ್ದರಿಂದ ಮಕ್ಕಳ ತಜ್ಞರು ಅದನ್ನು ವಿರೋಧಿಸುತ್ತಾರೆ. ಕ್ಷೌರದಂಗಡಿಗಳಲ್ಲಿ ಕುತ್ತಿಗೆಯನ್ನು ಥಟ್ಟನೆ ತಿರುಗಿಸಿ ಲಟಿಕೆ ತೆಗೆಯುವುದು ಅಭ್ಯಂಗದ ಭಾಗವಲ್ಲ; ಅದರಿಂದ ಕುತ್ತಿಗೆಯ ರಕ್ತನಾಳ ಸೀಳಿ ಪಾರ್ಶ್ವವಾಯು ಆಗುವ ಸಂಭವವಿದೆ. ಎಣ್ಣೆ ಹೀರಿದ ಬಟ್ಟೆಗಳನ್ನು ರಾಶಿ ಹಾಕಿದರೆ ತಾವಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ್ದರಿಂದ, ಚಿಕಿತ್ಸಾಲಯಗಳು ಅವನ್ನು ಕೂಡಲೇ ಒಗೆದು ಹರವಬೇಕಾಗುತ್ತದೆ.

ಕರ್ನಾಟಕದ ರೂಢಿಗಳು

ಕರ್ನಾಟಕದಲ್ಲಿ ಅಭ್ಯಂಗವು ವೈದ್ಯಕ್ಕಿಂತ ಮನೆಯ ಆಚರಣೆಯಾಗಿ ಹೆಚ್ಚು ಉಳಿದಿದೆ. ಯುಗಾದಿಯ ಬೆಳಗ್ಗೆ ಮತ್ತು ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆಸ್ನಾನ ನಡೆಯುತ್ತದೆ. ಚತುರ್ದಶಿಯ ಹಿಂದಿನ ಸಂಜೆ ಬಚ್ಚಲಿನ ಹಂಡೆಯನ್ನು ತೊಳೆದು ನೀರು ತುಂಬುವುದನ್ನು ನೀರು ತುಂಬುವ ಹಬ್ಬ ಎನ್ನುತ್ತಾರೆ. ಮದುವೆಯಲ್ಲಿ ವಧೂವರರಿಗೆ ಎಣ್ಣೆಶಾಸ್ತ್ರ ಮಾಡುವುದು ಹಲವು ಸಮುದಾಯಗಳಲ್ಲಿದೆ.

ಬಾಣಂತನದಲ್ಲಿ ಇದು ದಿನನಿತ್ಯದ ಉಪಚಾರ. ತಾಯಿಯ ಮೈಗೆ ಎಣ್ಣೆ ತಿಕ್ಕಿ, ಸುಡುನೀರು ಎರೆದು, ಹೊಟ್ಟೆಗೆ ಬಟ್ಟೆ ಕಟ್ಟುತ್ತಾರೆ; ಚರಕಸಂಹಿತೆಯ ವಿಧಿಗೂ ಇದಕ್ಕೂ ಹೋಲಿಕೆಯಿದೆ. ಮಗುವನ್ನು ಹಿರಿಯ ಹೆಂಗಸು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು, ನೆತ್ತಿಗೆ ಹರಳೆಣ್ಣೆ ಇಟ್ಟು, ಮೈಗೆ ಎಣ್ಣೆ ಹಚ್ಚಿ ನೀವಿ ಎರೆಯುತ್ತಾಳೆ. ಕರಾವಳಿಯಲ್ಲಿ ಮೈಗೆ ಕೊಬ್ಬರಿ ಎಣ್ಣೆಯ ಬಳಕೆ ಹೆಚ್ಚು. ಗರಡಿಮನೆಗಳಲ್ಲಿ ಸಾಮು ಮಾಡಿದ ಪೈಲ್ವಾನರಿಗೆ ಮಾಲೀಸು ಮಾಡುವ ಕ್ರಮವಿದೆ.

ಇತರ ಪದ್ಧತಿಗಳೊಡನೆ ಹೋಲಿಕೆ

ಸಿದ್ಧ ವೈದ್ಯದ ತೊಕ್ಕಣಂ ಮತ್ತು ಯುನಾನಿಯ ದಲಕ್ ಅಭ್ಯಂಗಕ್ಕೆ ಹತ್ತಿರವಾದ ಭಾರತೀಯ ಪದ್ಧತಿಗಳು. ಐರೋಪ್ಯ ಅಂಗಮರ್ದನಕ್ಕೆ ಈಗಿನ ರೂಪ ಬಂದದ್ದು 19ನೆಯ ಶತಮಾನದಲ್ಲಿ. ನೀವುವುದು, ಹಿಚುಕುವುದು, ತಟ್ಟುವುದು ಎಂಬ ಅದರ ವರ್ಗೀಕರಣವನ್ನು ನೆಲೆಗೊಳಿಸಿದವನು ನೆದರ್ಲೆಂಡ್ಸ್‌ನ ಯೋಹಾನ್ ಮೆಟ್ಸ್ಗರ್. ಪಟ್ನಾದಲ್ಲಿ ಹುಟ್ಟಿದ ಸೇಕ್ ದೀನ್ ಮಹಮದ್ ಅದೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಹಬೆಸ್ನಾನ ಮತ್ತು ಚಂಪಿಯ (ಅಂಗಮರ್ದನದ) ಕೇಂದ್ರ ನಡೆಸಿ, ನಾಲ್ಕನೆಯ ಜಾರ್ಜ್ ದೊರೆಯ ಸೇವೆಗೆ ನೇಮಕಗೊಂಡಿದ್ದ. ಎಣ್ಣೆಯಿಲ್ಲದೆ ಒತ್ತಿ ಚಾಚಿಸುವ ಥಾಯ್ಲೆಂಡಿನ ನುವಾದ್ ಥಾಯ್ 2019ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಐರೋಪ್ಯ ಮತ್ತು ಥಾಯ್ ಪದ್ಧತಿಗಳಲ್ಲಿ ಎಣ್ಣೆ ಇಲ್ಲದಿರಬಹುದು ಅಥವಾ ಕೈ ಜಾರಲು ಮಾತ್ರ ಇರಬಹುದು. ರೋಗಕ್ಕೆ ತಕ್ಕಂತೆ ಎಣ್ಣೆಯನ್ನು ಆರಿಸುವುದು ಅಭ್ಯಂಗದ ಮುಖ್ಯ ಲಕ್ಷಣ.

ಇಂದಿನ ಸ್ಥಿತಿ

ಭಾರತದಲ್ಲಿ ಅಭ್ಯಂಗವು ಆಯುರ್ವೇದ ಪದವಿಯ ಪಠ್ಯದಲ್ಲಿ ಪಂಚಕರ್ಮದ ಅಡಿಯಲ್ಲಿ ಬರುತ್ತದೆ. ಈ ಶಿಕ್ಷಣವನ್ನು 2020ರ ಕಾಯಿದೆಯಂತೆ ರಚನೆಯಾದ ಭಾರತೀಯ ವೈದ್ಯಪದ್ಧತಿಯ ರಾಷ್ಟ್ರೀಯ ಆಯೋಗ ನಿಯಂತ್ರಿಸುತ್ತದೆ. ಕರ್ನಾಟಕದಲ್ಲಿ 1908ರಲ್ಲಿ ಆರಂಭವಾದ ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು, 1958ರಲ್ಲಿ ಆರಂಭವಾದ ಉಡುಪಿಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮೊದಲಾದವುಗಳ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. ಯುನಾನಿಯ ದಲಕ್ ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿದೆ.

ಆಸ್ಪತ್ರೆಯ ಹೊರಗೆ ಸ್ಪಾ, ರೆಸಾರ್ಟ್ ಮತ್ತು ಪ್ರವಾಸಿ ಕೇಂದ್ರಗಳಲ್ಲಿ ಅಭ್ಯಂಗ ವಿಶ್ರಾಂತಿಯ ಸೇವೆಯಾಗಿ ಮಾರಾಟವಾಗುತ್ತದೆ. ಅಲ್ಲಿ ರೋಗಿಯ ಪ್ರಕೃತಿಪರೀಕ್ಷೆ, ತೈಲದ ಆಯ್ಕೆ ಮತ್ತು ವೈದ್ಯರ ಮೇಲ್ವಿಚಾರಣೆ ಎಲ್ಲೆಡೆಯೂ ಇರುವುದಿಲ್ಲ. ವೈದ್ಯಕೇಂದ್ರಗಳಲ್ಲಿ ಪುರುಷರಿಗೆ ಪುರುಷರು, ಸ್ತ್ರೀಯರಿಗೆ ಸ್ತ್ರೀಯರು ಅಭ್ಯಂಗ ಮಾಡುವುದು ನಿಯಮ. ಔಷಧಸಿದ್ಧ ತೈಲಗಳು 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯ ಪ್ರಕಾರ ಆಯುರ್ವೇದ ಔಷಧಗಳೆಂದು ಪರಿಗಣಿತವಾಗಿದ್ದು, ಮಾರಾಟಕ್ಕಾಗಿ ಅವನ್ನು ತಯಾರಿಸಲು ಪರವಾನಗಿ ಕಡ್ಡಾಯವಾಗಿದೆ.